ಅಡುಗೆಮನೆ ಹಿಂದಿನ ತೆಗ್ಗು

ಆ ತೆಗ್ಗನ್ನು ತೋಡಿದವರು ಯಾರು ಎಂಬ ಬಗ್ಗೆ ನನಗೂ ನನ್ನ ಅಕ್ಕನಿಗೂ ಇವತ್ತಿನವರೆಗೆ ಒಮ್ಮತವಿರಲಿಲ್ಲ. ನನ್ನ ನೆನಪಿನಲ್ಲಿ ಮನೆ ಕಟ್ಟುವ ಗೌಂಡಿ ಮಾನಪ್ಪ ಧೋತರ ಮೇಲೆತ್ತಿ ಕಟ್ಟಿ, ಹಾರೆ ಎತ್ತಿ, ಶಹಾಪುರದ ಆ ಮನೆಯ ಹಿಂದಿನ ಮೂಲೆಯ ಎರೆಮಣ್ಣಿಗೆ ಹಾಕುತ್ತಿದ್ದಾರೆ. ಹಾರೆ ಬಿದ್ದ ಸದ್ದು ಕೂಡ ಕಿವಿಯಲ್ಲಿದೆ. ಅಕ್ಕ ಇದನ್ನು ಕೇಳಿದಾಗಲೆಲ್ಲ ನಗುತ್ತಾಳೆ. ತೋಡಿದವನು ನಾನೇ ಅಂತೆ, ಮಾನಪ್ಪ ಆ ಮನೆಯ ಅಂಗಳಕ್ಕೆ ಕಾಲೇ ಇಡಲಿಲ್ಲವಂತೆ.

ನಾನು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದವನು. ಪುರಾವೆ ಇಲ್ಲದ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ವರ್ಷವರ್ಷವೂ ಹೇಳುತ್ತೇನೆ. ನನ್ನ ನೆನಪಿಗೇ ಪುರಾವೆ ಕೇಳಿದರೆ ನನ್ನಲ್ಲಿ ಏನೂ ಇಲ್ಲ. ಆ ವರ್ಷದ ಕಥೆಯನ್ನು ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ನೆನಪಿರುವುದು ನಡೆದದ್ದೋ ಹೇಳಿದ್ದೋ ಎಂದು ಬಿಡಿಸಲು ಬರುವುದಿಲ್ಲ.

ಕಳೆದ ಆಗಸ್ಟಿನಲ್ಲಿ ಒಂದು ವಾಸನೆ ಬರದೇ ಇದ್ದಿದ್ದರೆ ಇದನ್ನು ಬರೆಯುತ್ತಲೂ ಇರಲಿಲ್ಲ. ಯಾದಗಿರಿಯಲ್ಲಿ ನನ್ನ ಜೊತೆ ಪಾಠ ಮಾಡುವ ಸುರೇಶ ಹೊಸದಾಗಿ ಕೆಲಸಕ್ಕೆ ಸೇರಿದವನು. ಬಾಡಿಗೆ ಬರುವಂಥ ಒಂದು ಮನೆ ಕೊಳ್ಳಬೇಕೆಂದು ಅವನಿಗೆ ಆಸೆ. "ಸರ, ನಿಮಗ ಅನುಭವ ಅದ, ಸುಮ್ನ ಒಮ್ಮಿ ಬಂದು ನೋಡ್ರಿ" ಎಂದು ಒಂದು ಭಾನುವಾರ ಶಹಾಪುರಕ್ಕೆ ಕರೆದುಕೊಂಡು ಹೋದ. ಊರಿನ ಅಂಚಿಗೆ, ಕಾಲುವೆಯ ಆಚೆ ಒಂದು ಲೇಔಟು. ತಿಳಿಹಸಿರು ಬಣ್ಣ ಹೊಡೆದ ಮನೆ. ಹರೆಯದ ಏಜೆಂಟೊಬ್ಬ ಬಾಗಿಲು ತೆಗೆದು ಒಳಗೆ ಓಡಿದವನೇ ಕಿಟಕಿಗಳನ್ನು ತೆರೆಯತೊಡಗಿದ. ಅಷ್ಟರಲ್ಲಿ ಹೊಸ್ತಿಲಲ್ಲಿ ನಿಂತು ನಾನು ಒಂದು ಉಸಿರು ಎಳೆದುಕೊಂಡಿದ್ದೆ. ಮೇಲೆ ಹೊಸ ಬಣ್ಣದ ವಾಸನೆ. ಅದರ ಕೆಳಗೆ, ತೊಯ್ದು ವಾರಗಟ್ಟಲೆ ಮೂಲೆಯಲ್ಲಿ ಬಿದ್ದ ಗೋಣಿಚೀಲದ ವಾಸನೆ.

ಮನೆ ಗುರುತು ಸಿಗಲಿಲ್ಲ. ಆಗ ಬಯಲಾಗಿದ್ದಲ್ಲಿ ಈಗ ಸಾಲು ಮನೆಗಳಿವೆ. ಆದರೆ ವಾಸನೆಯ ಗುರುತು ಸಿಕ್ಕಿತು. ನಾನು ಯಾರಿಗೂ ಹೇಳದೆ ಮನೆಯ ಹಿಂದಕ್ಕೆ ನಡೆದೆ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಆಗ ನನಗೆ ಮದುವೆಯಾಗಿರಲಿಲ್ಲ. ಶಹಾಪುರದ ಕಾಲೇಜಿಗೆ ಹಾಕಿದ್ದರು. ಒಂದು ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಿಸಿದ್ದೆ. ಒಂದರಲ್ಲಿ ನೀರಿಲ್ಲ, ಒಂದರಲ್ಲಿ ಗಾಳಿಯಿಲ್ಲ, ಮೂರನೆಯದರಲ್ಲಿ ಎರಡೂ ಇದ್ದವು, ಆದರೆ ಬಚ್ಚಲ ಗೋಡೆಯ ಗಿಲಾವು ಹಪ್ಪಳದ ಹಾಗೆ ಎದ್ದು ಎದ್ದು ಬೀಳುತ್ತಿತ್ತು.

ಅಕ್ಕ ನಾಗಮ್ಮ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದಳು. ವಡಗೇರಾದ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ನನ್ನ ಓದು, ಮೆಸ್ಸು, ಪುಸ್ತಕ ಎಲ್ಲ ಅವಳು ಬಡಿದ ರೊಟ್ಟಿಗಳ ಮೇಲೆ ನಿಂತಿದ್ದವು. ಆ ವರ್ಷ ಅವಳ ಮೊಣಕಾಲು ಕೈಕೊಟ್ಟಿತು. ಕಾಯಂ ನೌಕರಿಯಲ್ಲ, ಪಿಂಚಣಿ ಇಲ್ಲ. ಕೂಡಿಟ್ಟದ್ದನ್ನೆಲ್ಲ ಒಂದು ದಿನ ನನ್ನ ಮುಂದೆ ಇಟ್ಟಳು.

"ತಮ್ಮಾ, ಒಂದು ಮನಿ ನೋಡು. ಅದರ ಬಾಡಿಗಿ ಮ್ಯಾಲೆ ನಾ ಉಣಬೇಕು. ನಾಳೆ ನಿನ್ನ ಹೇಣ್ತಿ ಕೈಯಾಗ ಅನ್ನ ಬೇಡಾಕ ನನ್ನಿಂದ ಆಗಂಗಿಲ್ಲ."

"ಹೇಣ್ತಿನ ಇಲ್ಲಲ್ಲ ಇನ್ನಾ" ಅಂದೆ.

"ಬರ್ತಾಳ. ಬರೂದ್ರಾಗ ಮನಿ ಆಗಬೇಕು."

ಬಾಡಿಗೆಯ ಸಿದ್ಧಾಂತವನ್ನು ನಾನು ತರಗತಿಯಲ್ಲಿ ಒಂದು ತಾಸು ಪಾಠ ಮಾಡಬಲ್ಲೆ. ಮನೆಯನ್ನು ಹೇಗೆ ನೋಡಬೇಕು ಎಂಬುದು ಆ ಒಂದು ತಾಸಿನಲ್ಲಿ ಎಲ್ಲಿಯೂ ಬರುವುದಿಲ್ಲ.

ಜೂನ್ ಮೊದಲ ವಾರವಿರಬೇಕು. ಮೋಡ ಕಟ್ಟುವುದು, ಗಾಳಿ ಎದ್ದು ಧೂಳು ಹಾರಿಸಿ ಮೋಡವನ್ನು ಒಯ್ಯುವುದು, ಇದೇ ನಡೆದಿತ್ತು. ನನ್ನ ಬಚ್ಚಲ ಗೋಡೆಗೆ ಮನೆ ಮಾಲೀಕ ಒಬ್ಬ ಗೌಂಡಿಯನ್ನು ಕಳಿಸಿದ. ಅವರೇ ಮಾನಪ್ಪ. ಐವತ್ತರ ಮೇಲಿನ ವಯಸ್ಸು, ಒಣಕಲು ಮೈ, ಬಲಗೈಯ ಉಂಗುರ ಬೆರಳು ತುದಿಯ ಗೆಣ್ಣಿಗೆ ಮುಗಿದಿತ್ತು. ಎಂದೋ ಕಲ್ಲು ಇಳಿಸುವಾಗ ಹೋಯಿತಂತೆ. ದಿನಾ ಮುಂಜಾನೆ ಸುರಪುರದಿಂದ ಬಸ್ಸಿಗೆ ಬರುತ್ತಿದ್ದರು, ಚೀಲದಲ್ಲಿ ಕರಣಿ, ತೂಗುಗುಂಡು, ಎರಡು ರೊಟ್ಟಿ, ಶೇಂಗಾ ಹಿಂಡಿ.

ಮೊದಲ ದಿನವೇ ನಾನು ಗೋಡೆ ತೋರಿಸಿ ಸಿಟ್ಟು ಮಾಡಿದೆ. "ಕಾಕಾ, ಇದನ್ನ ಕಟ್ಟಿದಾಂವ ಯಾರು? ಇಷ್ಟು ಹೊಲಸ ಕಟ್ಯಾನಲ್ಲ."

"ಕಟ್ಟಿದಾಂವಗ ಹೆಸರಿಡಬ್ಯಾಡ್ರಿ ಸರ. ಉಸುಕು ಮಾಲಕಂದು, ಸಿಮಿಂಟು ಮಾಲಕಂದು. ಅಂವ ಹೇಳಿದಂಗ ಇಂವ ಕಟ್ಟಿರ್ತಾನ."

"ಅಂದ್ರ ಗೌಂಡಿದು ತಪ್ಪಿಲ್ಲೇನು?"

"ತಪ್ಪು ಅದನೋ ಇಲ್ಲೋ, ನಮ್ಮಾಗ ಒಂದು ಮಾತದ. ಕೂಲಿ ತಗೊಂಡು ಕಟ್ಟಿದ ಗ್ವಾಡಿ ಮ್ಯಾಲೆ ಗೌಂಡಿ ಬಾಯಿ ಬಿಡಂಗಿಲ್ಲ. ಆ ಮನಿ ಅನ್ನ ಉಂಡಿರ್ತಾನಲ್ರಿ."

ಇದನ್ನು ನಾನು ಕಸುಬಿನವರ ಒಳಒಪ್ಪಂದ ಎಂದುಕೊಂಡೆ. ವೈದ್ಯರು ವೈದ್ಯರನ್ನು ಬಿಟ್ಟುಕೊಡುವುದಿಲ್ಲ, ಹಾಗೆ. ಈ ಮಾತು ಅವರು ಆ ದಿನ ಆಡಿದರೋ ನಂತರವೋ ಖಚಿತವಿಲ್ಲ. ಆದರೆ ಆಡಿದ್ದು ನಿಜ, ಯಾಕೆಂದರೆ ಅದೇ ವಾರ ತರಗತಿಯಲ್ಲಿ ಅದನ್ನು ಉದಾಹರಣೆಯಾಗಿ ಹೇಳಿ ಹುಡುಗರನ್ನು ನಗಿಸಿದ್ದೇನೆ.

ಎರಡನೆಯ ದಿನ ಮನೆ ಕೊಳ್ಳುವ ವಿಷಯ ತೆಗೆದೆ. ಮಾನಪ್ಪ ಕೈ ನಿಲ್ಲಿಸದೆ ಕೇಳಿದರು, "ಇರಾಕೋ, ಬಾಡಿಗಿ ಕೊಡಾಕೋ?"

"ಬಾಡಿಗಿ ಕೊಡಾಕ."

"ಎರಡೂ ಬ್ಯಾರೆ ಬ್ಯಾರೆ ಅವರಿ. ಇರಾಕ ಆದ್ರ ಕಣ್ಣಿಲೆ ನೋಡ್ರಿ. ಬಾಡಿಗಿಗಿ ಆದ್ರ ಮೂಗಿಲೆ ನೋಡ್ರಿ. ಬಾಗಿಲಾ ತಗದ ಕೂಡ್ಲೆ ನೀವು ಮೊದಲ ಒಳಗ ಹೋಗಿ ಉಸುರು ತಗೋಬೇಕು. ಮಾರಾಂವ ಕಿಡಕಿ ತಗಿಯಾಕ ಓಡ್ತಾನ. ಯಾಕ ಓಡ್ತಾನ ಹೇಳ್ರಿ?"

ಹೀಗೆ ಶುರುವಾಯಿತು. ನಾನು ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಕೇಳುತ್ತಿದ್ದೆ, ಅವರು ಗೋಡೆಗೆ ಮುಖ ಮಾಡಿ ಹೇಳುತ್ತಿದ್ದರು. ಹೊಸ ಬಣ್ಣ ಎಲ್ಲ ಕಡೆ ಒಂದೇ ಸಮ ಇದ್ದರೆ ಚಿಂತೆಯಿಲ್ಲ, ಮೊಣಕಾಲ ಎತ್ತರದವರೆಗೆ ಮಾತ್ರ ದಪ್ಪ ಹಚ್ಚಿದ್ದರೆ ಅಲ್ಲಿ ನಿಂತು ಉಗುರಿನಿಂದ ಕೆರೆದು ನೋಡಬೇಕು. ಮಾಳಿಗೆಯ ಮೇಲೆ ಒಂದು ಕೊಡ ನೀರು ಸುರುವಬೇಕು, ಅದು ಎತ್ತ ಹೋಗುತ್ತದೆಂದು ನೋಡದೆ ಇಳಿಯಬಾರದು. ಮನೆಯ ಬಗ್ಗೆ ಪಕ್ಕದ ಮನೆಯ ಗಂಡಸನ್ನು ಕೇಳಿ ಫಲವಿಲ್ಲ, ಹೆಂಗಸನ್ನು ಕೇಳಬೇಕು, ಯಾಕೆಂದರೆ ಮಧ್ಯಾಹ್ನ ಗಟಾರ ತುಂಬುವುದನ್ನು ಅವಳು ನೋಡಿರುತ್ತಾಳೆ. ನಡೆದು ಹೋಗುವಷ್ಟು ದೂರದಲ್ಲಿ ಇಲ್ಲದ ಮನೆಯನ್ನು ಮೊದಲ ಸಲ ಕೊಳ್ಳುವವನು ಕೊಳ್ಳಲೇಬಾರದು.

"ಬಾಡಿಗಿ ಮನಿ ಅಂದ್ರ ಎಮ್ಮಿ ಇದ್ದಂಗರಿ. ಕಟ್ಟಿ ಬಂದ್ರ ಹಾಲು ಕೊಡಂಗಿಲ್ಲ. ದಿನಾ ಸಗಣಿ ತಗೀಬೇಕು."

ಮತ್ತೊಂದು ಮಾತು ನನಗೆ ಅಕ್ಷರಶಃ ನೆನಪಿದೆ ಎಂದು ನಂಬಿದ್ದೇನೆ. "ಪದೇಪದೇ ಕೈ ಬದಲಿಸೋ ಎತ್ತು, ಪದೇಪದೇ ಕೈ ಬದಲಿಸೋ ಮನಿ, ಎರಡನ್ನೂ ಹಲ್ಲು ನೋಡಿ ತಗೋಬೇಕು."

"ಮನಿಗಿ ಹಲ್ಲು ಎಲ್ಲಿರ್ತಾವ ಕಾಕಾ?"

"ಪಾಯಾದಾಗ."

ಆ ಹೊತ್ತಿಗೆ ನಾನು ಒಂದು ಮನೆ ನೋಡಿ ಇಟ್ಟಿದ್ದೆ. ಕಾಲುವೆ ಆಚೆಯ ಹೊಸ ಲೇಔಟಿನಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ ಮನೆ. ಬಸವರಾಜ ಎಂಬ ಏಜೆಂಟು ತೋರಿಸಿದ್ದ. ಎರಡು ಖೋಲಿ, ಅಡುಗೆಮನೆ, ಹೊಳೆಯುವ ನೆಲ, ಅಂಗಳಕ್ಕೆ ಜಾಗ. ಬೆಲೆಯೂ ಅಕ್ಕನ ಕೈಗೆ ಎಟುಕುವಂತಿತ್ತು. ಮುಂಗಡ ಕೊಡುವುದೊಂದೇ ಬಾಕಿ. ಮಾನಪ್ಪ ಇದನ್ನು ಕೇಳಿ ಒಂದೇ ಮಾತು ಹೇಳಿದರು.

"ಬ್ಯಾಸಿಗ್ಯಾಗ ಜಾಗಾ ನೋಡಬ್ಯಾಡ್ರಿ ಸರ. ಕೆನಾಲ್ ಬಂದ್ ಇದ್ದಾಗ ಎಲ್ಲಾ ಜಾಗಾನೂ ಸಾಧು ಇರ್ತಾವ."

ಈ ಸೀಮೆಯಲ್ಲಿ ಹುಟ್ಟಿದ ನನಗೆ ಇದು ತಿಳಿದಿರಬೇಕಿತ್ತು. ನಾರಾಯಣಪುರದಿಂದ ಬರುವ ಕಾಲುವೆ ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಮಳೆಗಾಲ ಹತ್ತಿದ ಮೇಲೆ ನೀರು ಬಿಡುತ್ತಾರೆ, ಗದ್ದೆ ತುಂಬುತ್ತವೆ, ಗದ್ದೆಯ ನೀರು ಎರೆಮಣ್ಣಿನ ಕೆಳಗೆ ಕೆಳಗೇ ನಡೆದು ನೆರೆಯ ಜಾಗದಲ್ಲಿ ಜವಳಾಗಿ ಮೇಲಕ್ಕೆ ಜಿನುಗುತ್ತದೆ. ನಮ್ಮ ಕಡೆಯ ಜನ ಹೊಲ ಕೊಳ್ಳುವಾಗ ಇದನ್ನು ಮರೆಯುವುದಿಲ್ಲ. ಲೇಔಟಿನಲ್ಲಿ ಮನೆ ಕೊಳ್ಳುವಾಗ ಮರೆಯುತ್ತಾರೆ. ಗದ್ದೆಗೆ ಮರಮ್ ಮಣ್ಣು ಸುರಿದು, ಕಲ್ಲು ನೆಟ್ಟು, ನಂಬರು ಬರೆದ ಮೇಲೆ ಅದು ಗದ್ದೆಯಾಗಿತ್ತು ಎಂಬುದೇ ಹೊಳೆಯುವುದಿಲ್ಲ. ವ್ಯವಹಾರವೂ ಬೇಸಿಗೆಯಲ್ಲೇ ಜೋರು, ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವುದು ಆಗಲೇ.

ಅದರ ಮುಂದಿನ ಭಾನುವಾರ ಅಕ್ಕ ವಡಗೇರಾದಿಂದ ಬಂದಳು. ಬಸವರಾಜ ಬೀಗದ ಕೈ ನನ್ನ ಹತ್ತಿರ ಕೊಟ್ಟು ಯಾವುದೋ ಮದುವೆಗೆ ಹೋಗಿದ್ದ. ನಾನು, ಅಕ್ಕ, ಮಾನಪ್ಪ ಒಂದು ಆಟೋದಲ್ಲಿ ಹೊರಟೆವು. ದಾರಿಯುದ್ದಕ್ಕೂ ಮಾನಪ್ಪ ಅಕ್ಕನ ಜೊತೆ ಹಾಸ್ಟೆಲಿನ ಸಾರಿನ ಬಗ್ಗೆ ಮಾತಾಡುತ್ತಿದ್ದರು. ಐವತ್ತು ಮಂದಿಗೆ ಒಂದು ಸೇರು ಬೇಳೆ ಹೇಗೆ ಸಾಲುತ್ತದೆ ಎಂದು ಅವರು ಕೇಳಿದ್ದು, "ಸಾಲಂಗಿಲ್ಲಣ್ಣ, ಅದಕ್ಕ ಸಾರಿನ್ಯಾಗ ನಮ್ಮ ಮಾರಿ ನಮಗ ಕಾಣತದ" ಎಂದು ಅಕ್ಕ ಅಂದದ್ದು ನನಗೂ ಅಕ್ಕನಿಗೂ ನೆನಪಿದೆ. ಆಟೋ ಕಾಲುವೆ ದಾಟಿ ಎಡಕ್ಕೆ ಹೊರಳಿತು. ಮಾನಪ್ಪ ಮಾತು ನಿಲ್ಲಿಸಿದರು.

"ಇದಾ ಏನ್ರಿ ಸರ?"

"ಇದಾ ಲೇಔಟು. ಆ ಕಡೀ ಮನಿ."

ಇಲ್ಲಿಂದ ನನ್ನ ನೆನಪೂ ಅಕ್ಕನ ನೆನಪೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ನನ್ನ ಪ್ರಕಾರ ಮಾನಪ್ಪ ಮನೆಯ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಮೂಲೆಯಲ್ಲಿ ನಿಂತು, ಹಾರೆ ತೆಗೆದುಕೊಂಡರು. ಅಕ್ಕನ ಪ್ರಕಾರ ಅವರು ರಸ್ತೆಯ ಆಚೆ ಜಾಲಿಗಿಡದ ನೆರಳಿನಲ್ಲೇ ಉಳಿದರು, ಚಪ್ಪಲಿ ಕೂಡ ಬಿಡಲಿಲ್ಲ. ಒಳಗೆ ಬನ್ನಿ ಎಂದಾಗ "ಇಲ್ಲೇ ಛಲೋ ಅದ" ಎಂದರು. ಆದರೆ ಅವರು ಏನು ಹೇಳಿದರು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ.

"ಅಡಿಗಿ ಮನಿ ಹಿಂದಿನ ಮೂಲ್ಯಾಗ, ಗ್ವಾಡಿ ಬುಡಕ್ಕ, ಒಂದು ಮೊಳ ತೆಗ್ಗು ತಗೀರಿ. ಮ್ಯಾಲೆ ಫರ್ಸಿ ಮುಚ್ರಿ, ಮಳಿ ನೀರು ಬೀಳಬಾರದು. ಕೆನಾಲಿಗಿ ನೀರು ಬಿಟ್ಟು ಹತ್ತು ದಿನಕ್ಕ ತಗದು ನೋಡ್ರಿ. ಒಣಗಿದ್ರ ಮನಿ ತಗೋರಿ."

"ಅಲ್ಲ ಕಾಕಾ, ಮನಿ ಹ್ಯಾಂಗ ಅನಸ್ತದ ನಿಮಗ?"

"ನಾ ಏನ್ ಹೇಳ್ಲಿ ಸರ. ತೆಗ್ಗು ಹೇಳ್ತದ."

ನನಗೆ ಬೇಸರವಾಯಿತು. ಬಚ್ಚಲ ಗೋಡೆಯ ಮುಂದೆ ಅಷ್ಟೆಲ್ಲ ಹೇಳುವ ಮನುಷ್ಯ, ನಿಜವಾದ ಮನೆಯ ಮುಂದೆ ಬಾಯಿ ಕಟ್ಟಿಕೊಂಡು ನಿಂತಿದ್ದಾನೆ ಎನಿಸಿತು. ನಮ್ಮಲ್ಲಿ ಯಾರೋ ಒಬ್ಬರು ತೆಗ್ಗು ತೋಡಿದರು. ಶಹಾಬಾದಿ ಫರ್ಸಿಗಲ್ಲಿನ ತುಂಡೊಂದು ಅಲ್ಲೇ ಬಿದ್ದಿತ್ತು, ಅದನ್ನು ಮುಚ್ಚಿ ಬಂದೆವು.

ಮರುವಾರ ಬಸವರಾಜ ನಮ್ಮೊಂದಿಗೆ ಬಂದ. ಫರ್ಸಿ ನೋಡಿ ಕೇಳಿದ, "ಅಕ್ಕೋರ, ಇದೇನ್ರಿ ತೆಗ್ಗು?"

"ಕರಿಬೇವು ಹಚ್ಚಾಕಪ್ಪ. ಈ ಮಣ್ಣಿಗಿ ಹತ್ತತದೋ ಇಲ್ಲೋ ನೋಡಬೇಕು."

"ಮನಿ ಇನ್ನಾ ನಿಮ್ದು ಆಗಿಲ್ಲ, ಆಗಲೇ ಒಗ್ಗರಣಿಗಿ ತಯಾರಿ ನಡಿಸೀರಿ" ಎಂದು ಬಸವರಾಜ ನಕ್ಕ.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಓದಿದವನಿಗೆ ಸುಮ್ಮನಿರಲು ಬರಬೇಕಲ್ಲ. ನಮ್ಮನ್ನು ಹಳ್ಳಿಯವರೆಂದು ತಿಳಿದು ನಗುತ್ತಿದ್ದಾನೆ ಎನಿಸಿ, "ಕರಿಬೇವಲ್ಲ. ಕೆಳಗ ನೀರು ಏಳತದೇನು ನೋಡಾಕ. ಗೌಂಡಿ ಹೇಳ್ಯಾರ" ಅಂದೆ.

"ಯಾವ ಗೌಂಡಿ?"

"ಸುರಪುರದ ಮಾನಪ್ಪ."

ಬಸವರಾಜ ಚಪ್ಪಲಿಯ ತುದಿಯಿಂದ ಫರ್ಸಿಯನ್ನು ತಟ್ಟಿದ. ಆಮೇಲೆ ಮತ್ತೆ ನಕ್ಕ. "ಅಂವಗ ಹಳೇ ಮನಿ ಬೇಕ್ರಿ ಸರ. ಹಳೇ ಮನಿ ತಗೊಂಡ್ರ ರಿಪೇರಿ ಕೆಲಸ ಸಿಗತದ. ಇಷ್ಟು ಓದೀರಿ, ಇದು ಗೊತ್ತಾಗಂಗಿಲ್ಲೇನು?" ಯಾದಗಿರಿಯ ಪಾರ್ಟಿಯೊಂದು ಬರುವ ಸೋಮವಾರ ಮುಂಗಡ ಹಿಡಿದುಕೊಂಡು ಬರುತ್ತದೆ, ಅಷ್ಟರೊಳಗೆ ನಾವು ಹೇಳಬೇಕು ಎಂದ.

ಆ ಮಾತು ನನ್ನೊಳಗೆ ಸರಿಯಾಗಿ ಕೂತಿತು. ಸಲಹೆ ಕೊಡುವವನ ಲಾಭ ಎಲ್ಲಿದೆ ನೋಡು ಎನ್ನುವುದು ನನ್ನ ವಿದ್ಯೆಯ ಮೊದಲ ಪಾಠ. ಅಕ್ಕನಿಗೆ ಇದನ್ನೇ ಹೇಳಿದೆ, ಸೋಮವಾರಕ್ಕೆ ಮುಂಗಡ ಕೊಟ್ಟುಬಿಡೋಣ ಎಂದೆ. ಅವಳು ಒಪ್ಪಲಿಲ್ಲ. ನಾನು ದನಿ ಏರಿಸಿದೆ. ಅವಳ ಮುಂದೆ ದನಿ ಏರಿಸಿದ್ದು ಅದೇ ಮೊದಲು.

"ಕೆನಾಲಿಗಿ ನೀರು ಬರೂತನಕ ಕಾದ್ರ ಮನಿ ಕೈಬಿಟ್ಟು ಹೋಗತದ ಅಕ್ಕಾ."

"ನೀ ಓದ್ಯಾಂವ ಅಂತ ನಿನ್ನ ಕೈಯಾಗ ಕೊಟ್ಟೀನಿ. ಓದ್ಯಾಂವಗ ಅಷ್ಟು ದಿನ ಕಾಯಾಕ ಬರಂಗಿಲ್ಲೇನು? ಕಾದ್ರ ಮನಿ ಹೋಗತದ. ಕಾಯದ ತಗೊಂಡ್ರ ನಾ ಹೋಗತೀನಿ."

ಸೋಮವಾರ ಬಂತು, ಹೋಯಿತು. ಯಾದಗಿರಿಯ ಪಾರ್ಟಿ ಬರಲಿಲ್ಲ. ಜುಲೈಯಲ್ಲಿ ಒಂದು ಮುಂಜಾನೆ ಕಾಲೇಜಿಗೆ ಹೋಗುವಾಗ ಕಾಲುವೆಯ ಕಡೆಯಿಂದ ತಂಪು ಗಾಳಿ ಬೀಸಿತು. ನೀರು ಬಂದಿತ್ತು. ಕೆಂಪು ನೀರು, ಮುಂದೆ ಮುಂದೆ ಒಣ ಎಲೆ, ಕಸ, ಹರಿದ ಚಪ್ಪಲಿ ನೂಕಿಕೊಂಡು ಬರುತ್ತಿತ್ತು. ಎರಡೇ ದಿನದಲ್ಲಿ ಬೆಳ್ಳಕ್ಕಿಗಳು ಬಂದಿಳಿದವು. ಹೆಂಗಸರು ಕೌದಿಗಳನ್ನು ಹೊತ್ತು ತಂದು ಒಗೆದು ದಂಡೆಯ ತುಂಬ ಹರವಿದರು. ನಾನು ದಿನ ಎಣಿಸುತ್ತಿದ್ದೆ. ತೆಗ್ಗು ಒಣಗಿರಲಿ, ಅಕ್ಕನ ಮುಂದೆ ನನ್ನ ಮಾತು ಗೆಲ್ಲಲಿ ಎಂದು ಒಳಗೊಳಗೇ ಬಯಸುತ್ತಿದ್ದೆ. ಇದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದು ನನಗೆ ಸ್ಪಷ್ಟವಾಗಿ ನೆನಪಿದೆ.

ಹತ್ತನೆಯ ದಿನ ಅಕ್ಕ ಕುಂಟುತ್ತ ಬಂದಳು. ಇಬ್ಬರೂ ಫರ್ಸಿ ಎತ್ತಿದೆವು. ತೆಗ್ಗಿನಲ್ಲಿ ಮುಕ್ಕಾಲು ನೀರು. ನೀರಿನಲ್ಲಿ ಒಂದು ಕಪ್ಪೆ, ಅಂಚಿಗೆ ಮುಂಗೈ ಊರಿಕೊಂಡು ನಮ್ಮನ್ನು ನೋಡುತ್ತಿತ್ತು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿ ನಗತೊಡಗಿದಳು. "ನೋಡು ತಮ್ಮಾ, ಬಾಡಿಗಿದಾರ ಆಗಲೇ ಬಂದು ಕುಂತಾನ."

ನಾನು ಬಾಗಿಲು ತೆಗೆದು ಅಡುಗೆಮನೆಗೆ ಹೋದೆ. ಕಿಟಕಿ ಮುಚ್ಚಿತ್ತು. ಆಗಲೇ ಮೊದಲ ಸಲ ಆ ವಾಸನೆ ಬಂತು, ಹೊಸ ಬಣ್ಣದ ಕೆಳಗಿನ ಹಸಿ ಗೋಣಿಚೀಲ. ಹದಿನೈದು ವರ್ಷ ಕಳೆದರೂ ಬದಲಾಗದ ವಾಸನೆ.

ಮಾನಪ್ಪನವರೇ ಕೊನೆಗೆ ಸುರಪುರದಲ್ಲಿ ಒಂದು ಮನೆ ತೋರಿಸಿದರು. ಅವರಾಗಿ ತೋರಿಸಲಿಲ್ಲ, ಅಕ್ಕ ಕೇಳಿದ ಮೇಲೆ ತೋರಿಸಿದರು. ಗುಡ್ಡದ ಮಗ್ಗುಲಿಗೆ, ಬಂಡೆಯ ಮೇಲೇ ಕೂತಿದ್ದ ಕಲ್ಲಿನ ಮನೆ. ಮಣ್ಣಿನ ಮಾಳಿಗೆ, ಮುರಿದ ಬಾಗಿಲು, ಗೋಡೆಗೆ ಹೊಗೆ ಮಸಿ. ನೋಡಲು ಏನೇನೂ ಚೆಂದವಿರಲಿಲ್ಲ. ನನಗೆ ಬಸವರಾಜನ ಮಾತೇ ಮತ್ತೆ ನೆನಪಾಯಿತು. ನೋಡು, ಹಳೇ ಮನೆ, ರಿಪೇರಿ ಕೆಲಸ.

"ಇದರ ರೋಗ ಎಲ್ಲಾ ಮ್ಯಾಲೆ ಕಾಣಾಕತ್ತದ್ರಿ" ಎಂದರು ಮಾನಪ್ಪ. "ಕಾಣೋ ರೋಗಕ್ಕ ಔಷಧ ಅದ. ಬುಡಕ ಬಂಡಿ ಅದ, ಬಂಡಿ ನಿಮಗ ಮೋಸ ಮಾಡಂಗಿಲ್ಲ."

ಶ್ರಾವಣ ಪೂರ್ತಿ ಅಲ್ಲಿ ಕೆಲಸ ನಡೆಯಿತು. ಶನಿವಾರ ಪಾಠ ಮುಗಿಸಿ ನಾನು ಬಸ್ಸು ಹತ್ತುತ್ತಿದ್ದೆ. ಕಲ್ಲು ಹೊತ್ತೆ, ಉಸುಕು ಸೋಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಮಾನಪ್ಪ ಬಣ್ಣದ ಮಾತು ತೆಗೆಯಲು ಬಿಡುತ್ತಿರಲಿಲ್ಲ. ಮೊದಲು ಮಾಳಿಗೆ, ಆಮೇಲೆ ಗಟಾರ, ಆಮೇಲೆ ಸಂಡಾಸ, ಕೈಯಲ್ಲಿ ಏನಾದರೂ ಉಳಿದರೆ ಬಣ್ಣ. ನಾನು ಮುಂಬಾಗಿಲಿಗೆ ಕೆತ್ತನೆಯ ಚೌಕಟ್ಟು ಹಾಕಿಸಲು ಹೊರಟಾಗ ತಡೆದರು.

"ಈ ಮನ್ಯಾಗ ನೀವು ಇರಾವ್ರಲ್ಲ. ಇರಾವ್ರಿಗಿ ಕೆತ್ತನಿ ಬ್ಯಾಡ, ಒಣಾ ನೆಲ ಬೇಕು. ಸಂಡಾಸಿಗಿ ಒಳಗಿಂದ ಚಿಲಕ ಬೇಕು. ಅಷ್ಟು ಮಾಡಿ, ಮಂದಿ ಕೇಳೋದಕ್ಕಿಂತ ಒಂಚೂರು ಕಡಿಮಿ ಬಾಡಿಗಿ ಹೇಳ್ರಿ. ಹತ್ತು ವರ್ಷ ಅಲ್ಲಾಡಂಗಿಲ್ಲ. ಖಾಲಿ ಬಿದ್ದ ಮನಿ ಬಾಡಿಗಿ ಬಾಳ ತುಟ್ಟಿರಿ."

ಇದಕ್ಕಿಂತ ಚೆನ್ನಾಗಿ ಇದನ್ನು ಹೇಗೆ ಹೇಳಬೇಕೋ ನನ್ನ ಪಠ್ಯಪುಸ್ತಕಕ್ಕೂ ಗೊತ್ತಿಲ್ಲ.

ಕೆಲಸ ಮುಗಿದ ದಿನ ಅಡುಗೆಮನೆಯ ಹೊಸ್ತಿಲಿಗೆ ಕೊನೆಯ ಸಿಮೆಂಟು ಮೆತ್ತಿದರು. ಹಸಿ ಇರುವಾಗಲೇ ಹೊಸ್ತಿಲ ಒಳಮಗ್ಗುಲಿಗೆ, ಕಾಲು ತಾಗದ ಕಡೆ, ಬಲಗೈಯ ಮೂರು ಬೆರಳು ಒತ್ತಿ ತಮ್ಮ ಕಡೆಗೆ ಎಳೆದರು. ವಿಭೂತಿಯ ಹಾಗೆ ಮೂರು ಗೆರೆ. ಎರಡು ಉದ್ದ, ಮೊಂಡು ಬೆರಳಿನದು ಗಿಡ್ಡ.

"ಇದೇನು ಕಾಕಾ?"

"ನಮ್ಮಪ್ಪ ಎಳೀತಿದ್ದ. ಅಪ್ಪಂದು ಮೂರೂ ಸಮ ಇರ್ತಿದ್ದವು. ನನ್ನದು ಹಿಂಗ. ಅಡಿಗಿ ಮಾಡೋ ತಾಯಿ ತಣ್ಣಗಿರಲಿ ಅಂತ, ಕಟ್ಟಿದ ಎಲ್ಲಾ ಮನ್ಯಾಗೂ ಎಳೀತೀನಿ."

ಅದಾದ ಸ್ವಲ್ಪ ದಿನಕ್ಕೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸವರಾಜ ಸಿಕ್ಕ. ನಮಸ್ಕಾರ ಮಾಡಲಿಲ್ಲ. "ನಿಮ್ಮ ಗೌಂಡಿಗಿ ಹೇಳ್ರಿ ಸರ, ಇನ್ನ ನಮ್ಮ ಲೇಔಟಿನ್ಯಾಗ ಅಂವಗ ಕೆಲಸ ಇಲ್ಲ ಅಂತ" ಎಂದು ಬಸ್ಸು ಹತ್ತಿ ಹೋದ. ನಾನು ಅದನ್ನು ವ್ಯಾಪಾರ ಕೆಟ್ಟವನ ಸಿಟ್ಟು ಎಂದುಕೊಂಡೆ. ಮಾನಪ್ಪನವರಿಗೆ ತಮಾಷೆಯಾಗಿ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಿದ್ದರು. "ಇರಲಿ ಬಿಡ್ರಿ" ಎಂದರು, ಅಷ್ಟೇ.

ಅಕ್ಕ ಅಂದಿನಿಂದ ಆ ಮನೆಯ ಒಂದು ಖೋಲಿಯಲ್ಲಿದ್ದಾಳೆ. ಉಳಿದ ಭಾಗದಲ್ಲಿ ಒಬ್ಬ ಬಸ್ ಕಂಡಕ್ಟರನ ಸಂಸಾರ ಬಂದು ಸೇರಿತು. ಅವರ ಮಗಳು ಅಲ್ಲೇ ಹುಟ್ಟಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಅಕ್ಕನ ಔಷಧ, ಅಕ್ಕಿ, ಅವಳು ನನ್ನ ಹೆಂಡತಿಗೆ ಹಬ್ಬಕ್ಕೆ ಕೊಡಿಸುವ ಸೀರೆ, ಎಲ್ಲ ಆ ಬಾಡಿಗೆಯಿಂದ. ಅವಳು ಯಾರ ಕೈಯಲ್ಲೂ ಅನ್ನ ಬೇಡಲಿಲ್ಲ. ನನ್ನ ಮನೆಗೆ ಬಂದರೆ ಎರಡು ದಿನಕ್ಕೆ ಹೊರಡುತ್ತಾಳೆ, ಮಾಳಿಗೆ ನೋಡಬೇಕು ಎಂಬ ನೆವ.

ಸುರೇಶನ ಜೊತೆ ಹೋಗಿ ಬಂದ ಮೇಲೆ ನಾನು ಅಕ್ಕನ ಹತ್ತಿರ ಹೋದೆ. ಆ ಮನೆ ಮತ್ತೆ ಮಾರಾಟಕ್ಕೆ ಬಂದಿದೆ, ಎಷ್ಟನೆಯ ಸಲವೋ ಎಂದೆ. ಮಾನಪ್ಪ ತೆಗ್ಗು ತೋಡಿದ್ದನ್ನು ಮತ್ತೆ ವರ್ಣಿಸಿದೆ. ಅವಳು ಸೊಪ್ಪು ಸೋಸುತ್ತ ಎಂದಿನಂತೆ ತಡೆದಳು.

"ಎಷ್ಟು ಸಲ ಹೇಳ್ಲಿ ನಿನಗ? ಅಂವ ರಸ್ತಾ ದಾಟಲೇ ಇಲ್ಲ. ನೀನ ತೋಡಿದಿ, ಬೊಬ್ಬಿ ಬಂತಂತ ಬೈದಿ. ಅಂವ ಅಲ್ಲಿಂದನ ಕೈ ಮಾಡಿ ಹೇಳಿದ, ಅಡಿಗಿ ಮನಿ ಹಿಂದಿನ ಮೂಲ್ಯಾಗ ಅಂತ."

ಹದಿನೈದು ವರ್ಷ ಇದೇ ಮಾತು ಕೇಳಿದ್ದೆ, ನನ್ನ ನೆನಪನ್ನು ಉಳಿಸಿಕೊಳ್ಳಲು ವಾದ ಮಾಡಿದ್ದೆ, ಅವಳ ಮಾತು ನಿಜವಾದರೆ ಏನಾಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ರಸ್ತೆಯಿಂದ ನೋಡಿದರೆ ಆ ಮನೆಯ ಮುಂಬಾಗಿಲು, ಎರಡು ಕಿಟಕಿ ಮಾತ್ರ ಕಾಣುತ್ತವೆ. ಅಡುಗೆಮನೆ ಹಿಂದೆ, ಬಲಕ್ಕೆ. ಒಳಗೆ ಕಾಲಿಡದ ಮನುಷ್ಯನಿಗೆ ಅದು ಎಲ್ಲಿದೆ ಎಂದು ಹೇಗೆ ಗೊತ್ತು?

ಮಾನಪ್ಪನವರ ಮನೆ ಅಲ್ಲಿಂದ ಎರಡು ಓಣಿ ಆಚೆ. ಈಗ ಕೆಲಸ ಬಿಟ್ಟಿದ್ದಾರೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಕಟ್ಟೆಯ ಮೇಲೆ ಕೂತಿದ್ದರು. ದನಿಯಿಂದಲೇ ಗುರುತು ಹಿಡಿದರು. "ಬರ್ರಿ ಸರ, ಮಾಳಗಿ ಸೋರಾಕತ್ತದೇನು?"

"ಮಾಳಗಿ ಗಟ್ಟಿ ಅದ ಕಾಕಾ. ಒಂದು ಮಾತು ಕೇಳಬೇಕಿತ್ತು. ಶಹಾಪುರದಾಗ, ಕೆನಾಲ್ ಆಚಿ ಮನಿ. ನಾವು ತೆಗ್ಗು ತಗದಿದ್ವಿ ನೋಡ್ರಿ. ಅದನ್ನ ಕಟ್ಟಿದಾವ್ರು ಯಾರು?"

ಅವರು ಕಟ್ಟೆಯ ಮೇಲೆ ಸರಿದು ನನಗೆ ಜಾಗ ಮಾಡಿದರು.

"ತೆಗ್ಗಿನ್ಯಾಗ ನೀರು ಬಂತಿಲ್ರಿ?"

"ಬಂತು."

"ಮತ್ತ ಮುಗೀತಲ್ರಿ. ಚಹಾ ಕುಡೀರಿ."

ಚಹಾ ಕುಡಿದೆ. ಬಸವರಾಜನ ಮುಂದೆ ನಾನೇ ಅವರ ಹೆಸರು ಬಾಯಿಬಿಟ್ಟದ್ದು, ಅಕ್ಕ ಕರಿಬೇವಿನ ನೆವದಲ್ಲಿ ಮುಚ್ಚಿಟ್ಟದ್ದನ್ನು ನಾನು ತೆರೆದಿಟ್ಟದ್ದು, ಆ ಲೇಔಟಿನಲ್ಲಿ ಮುಂದೆ ಎದ್ದ ಅಷ್ಟೊಂದು ಮನೆಗಳಲ್ಲಿ ಒಂದೂ ಅವರ ಕೈಗೆ ಬರದೇ ಹೋದದ್ದು, ಇದನ್ನೆಲ್ಲ ಹೇಳಬೇಕೆಂದಿದ್ದೆ. ಅದರ ಬದಲು, ಕಣ್ಣಿನ ಆಪರೇಷನ್ನಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. "ಆಗಲ್ರಿ" ಎಂದರು. ಆ ಕೆಲಸ ಬರುವ ತಿಂಗಳು ಆಗುತ್ತದೆ.

ಸುರೇಶನಿಗೆ ಆ ಮನೆಯ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಹಿಂದಿನ ಮೂಲೆಯಲ್ಲಿ ಒಂದು ಮೊಳ ತೋಡು, ಫರ್ಸಿ ಮುಚ್ಚು, ಎರಡು ದಿನ ಬಿಟ್ಟು ನೋಡು ಎಂದೆ. ಕಾಲುವೆ ಆಗಲೇ ತುಂಬಿ ಹರಿಯುತ್ತಿತ್ತು, ಹತ್ತು ದಿನ ಬೇಕಾಗಿರಲಿಲ್ಲ. ಯಾರಾದರೂ ಕೇಳಿದರೆ ಕರಿಬೇವು ಹಚ್ಚಲು ಎಂದು ಹೇಳು ಎಂದೂ ಸೇರಿಸಿದೆ.

ಫರ್ಸಿ ಎತ್ತುವ ದಿನ ನಾನೂ ಅವನ ಜೊತೆ ಹೋದೆ. ಅವನು ಹಿಂದಕ್ಕೆ ಹೋದ, ನಾನು ಒಳಗೆ ಹೋದೆ. ನೆಲಕ್ಕೆ ಯಾರೋ ಟೈಲ್ಸ್ ಹಾಕಿಸಿದ್ದಾರೆ, ಗೋಡೆಗೆ ಎಷ್ಟು ಸಲ ಬಣ್ಣ ಬಳಿದಿದ್ದಾರೋ ಲೆಕ್ಕವಿಲ್ಲ. ಅಡುಗೆಮನೆಯ ಹೊಸ್ತಿಲು ಮಾತ್ರ ಹಳೆಯದೇ ಉಳಿದಿದೆ, ಮೇಲೆ ಕೆಂಪು ಬಣ್ಣ. ಮೊಣಕಾಲೂರಿ ಕೂತು ಒಳಮಗ್ಗುಲಿಗೆ ಕೈ ಆಡಿಸಿದೆ. ಬಣ್ಣದ ಕೆಳಗೆ ಮೂರು ಗೆರೆಗಳಿದ್ದವು. ಮೂರು ಬೆರಳು ಇಟ್ಟು ಎಳೆದು ನೋಡಿದೆ. ಎರಡು ಗೆರೆ ಉದ್ದ, ಮೂರನೆಯದು ಗಿಡ್ಡ.